ಭಾವನ ಖಾಯಂ ಓದುಗ

ನಮ್ಮ ಭಾವ ಬೀಗ ರಿಪೇರಿಯವರು. ಬೀದಿಯಲ್ಲಿ ಯಾರ ಮನೆಯ ಬಾಗಿಲು ಹಟ ಹಿಡಿದರೂ ಮೊದಲು ನೆನಪಾಗುವುದು ಅವರೇ. ಅಂಗಡಿ ಎಂದರೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲು ಕೊರೆಯದ ಕೀಗಳು, ನಡುವೆ ಒಂದು ಸ್ಟೂಲು, ಅದರ ಮೇಲೆ ಭಾವ. ಇಷ್ಟಕ್ಕೇ ತೃಪ್ತರಾಗಿದ್ದ ಮನುಷ್ಯ ಒಂದು ಬೆಳಿಗ್ಗೆ ನನ್ನ ಜೆರಾಕ್ಸ್ ಅಂಗಡಿಗೆ ಬಂದು, ತಾವು ಇನ್ನು ಮುಂದೆ ಬರೀ ಬೀಗದವರಲ್ಲ, ಕ್ರಿಯೇಟರ್ ಎಂದು ತಿಳಿಸಿದರು. ಹೇಳಿದ ಧಾಟಿ ನೋಡಿದರೆ ಅದು ಸರ್ಕಾರದಿಂದ ಆದೇಶವಾಗಿ ಬಂದ ಹಾಗಿತ್ತು.

ಕ್ರಿಯೇಟರ್ ಆಗಲು ಏನು ಬೇಕು ಎಂದು ಕೇಳಿದೆ. ಓದುಗರು ಬೇಕು ಎಂದರು. ಓದುಗರು ಎಲ್ಲಿದ್ದಾರೆ ಎಂದೆ. ಅದನ್ನು ಹುಡುಕುವುದಕ್ಕೇ ನಿನ್ನ ಕಂಪ್ಯೂಟರ್ ಹತ್ತಿರ ಬಂದಿದ್ದೇನೆ ಎಂದು ನನ್ನ ಗಿರಾಕಿ ಕೂರುವ ಕುರ್ಚಿಯಲ್ಲಿ ಕೂತುಬಿಟ್ಟರು.

ಈ ಗೀಳು ಹತ್ತಿದ್ದು ಮೊಬೈಲಿನ ಒಂದು ವಿಡಿಯೋದಿಂದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಭಾವ ಒಬ್ಬ ಮೇಷ್ಟ್ರ ಪಾಠ ಕೇಳುತ್ತಿದ್ದರು. ಆ ಮೇಷ್ಟ್ರು ಯಾವತ್ತೂ ಕೂತವರಲ್ಲ, ಸದಾ ಓಡಾಡುತ್ತಾ ಬೋಧಿಸುವವರು. ಬೇರೆಯವರ ಜಾಲತಾಣದಲ್ಲಿ ಕೂಗಾಡುವುದು ಬಾಡಿಗೆ ಮನೆಗೆ ಬಣ್ಣ ಹೊಡೆಸಿದ ಹಾಗೆ, ಓನರ್ ಮನಸ್ಸು ಬದಲಾದರೆ ಸಾಮಾನು ಬೀದಿಗೆ. ಅದೇ ನಿಮ್ಮದೇ ಈಮೇಲ್ ಪಟ್ಟಿ ಇದ್ದು ವಾರ ತಪ್ಪದೆ ನ್ಯೂಸ್‌ಲೆಟರ್ ಕಳಿಸಿದರೆ ಓದುಗರು ನಿಮ್ಮ ಸ್ವಂತ ಎನ್ನುವುದು ಅವರ ಉಪದೇಶದ ಸಾರ. ಮನೆ, ಬಾಡಿಗೆ, ಓನರ್ ಎಂಬ ಮಾತು ಬಂದದ್ದೇ ತಡ, ಭಾವನಿಗೆ ಇದು ತಮ್ಮದೇ ಇಲಾಖೆಯ ವಿಷಯ ಎನಿಸಿತು. ಇನ್‌ಬಾಕ್ಸ್ ಎಂದರೆ ಮನುಷ್ಯನ ಒಳಕೋಣೆ, ಅಲ್ಲಿಗೆ ಬೀಗ ಮುಟ್ಟದೆ ಹೋಗಿ ಬರುವ ವಿದ್ಯೆ ಇದೊಂದೇ ಎಂದು ನನಗೂ ವಿವರಿಸಿದರು.

ನಾನು ಪಟ್ಟಿ ಮಾಡಿಕೊಟ್ಟೆ, ಓದುಗರು ಹೆಸರು ಸೇರಿಸುವ ಪುಟ ಮಾಡಿಕೊಟ್ಟೆ, ಪತ್ರಿಕೆಗೆ 'ಬೀಗವಾರ್ತೆ' ಎಂದು ತಲೆಬರಹ ಕೂರಿಸಿದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಕಳಿಸುವುದು ಎಂದು ತೀರ್ಮಾನವಾಯಿತು. ಮೊದಲ ಸಂಚಿಕೆ ತುಕ್ಕಿನ ಬಗ್ಗೆ. ಕಳಿಸಿದ ಮೇಲೆ ಎಷ್ಟು ಜನ ತೆರೆದು ನೋಡಿದರು ಎಂದು ಲೆಕ್ಕ ತೋರಿಸುವ ಒಂದು ಪರದೆ ಇದೆ. ಭಾವ ಅದರ ಮುಂದೆ ಮಧ್ಯಾಹ್ನದವರೆಗೆ ಕಣ್ಣು ಮಿಟುಕಿಸದೆ ಕೂತರು. ಒಬ್ಬರು ತೆರೆದಿದ್ದರು. ಯಾರು ಎಂದು ನೋಡಿದರೆ ಸ್ವತಃ ಭಾವ.

ಅವತ್ತು ಸಂಜೆ ಅಕ್ಕ ನನ್ನ ಅಂಗಡಿಗೆ ಬಂದಳು. ಅಕ್ಕ ಅಂಗಡಿಗೆ ಬರುವುದೇ ಅಪರೂಪ. ನಿನ್ನ ಭಾವ ಊಟಕ್ಕೆ ಬಂದವರು ಅನ್ನ ಕಲಸಿಕೊಂಡು ಕೂತೇ ಇದ್ದರು, ಪಾಪ, ಒಬ್ಬ ಓದುಗನಾದರೂ ಇರಲಿ, ನನಗೊಂದು ಈಮೇಲ್ ಮಾಡಿಕೊಡು ಎಂದಳು. ಹೆಸರು ಬೇಡ, ನಾನು ಎಂದು ಗೊತ್ತಾಗಬಾರದು ಎಂದಳು. ಗೊತ್ತಾದರೆ ಏನಾಗುತ್ತದೆ ಎಂದು ಕೇಳಿದೆ. "ನಾನು ಓದಿದ್ರೆ ಅದು ಓದಿದ ಲೆಕ್ಕಕ್ಕೆ ಬರಲ್ಲ ಕಣೋ" ಎಂದಳು.

ನಾನು ಅರ್ಥವಿಲ್ಲದ ಅಕ್ಷರ ಜೋಡಿಸಿ ಒಂದು ವಿಳಾಸ ಮಾಡಿ ಅವಳ ಮೊಬೈಲಿಗೆ ಹಾಕಿಕೊಟ್ಟೆ. ಭಾವ ಅಕ್ಕನ ಮೊಬೈಲ್ ನೋಡುವ ಭಯವಿರಲಿಲ್ಲ. ಅವರು ಅಕ್ಕನ ಮುಖವನ್ನೇ ಸರಿಯಾಗಿ ನೋಡಿ ಬಹಳ ವರ್ಷವಾಗಿತ್ತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅವರಿಗೆ ಒಬ್ಬಳೇ ಮಗಳಿದ್ದಳು. ಆಗಿನ್ನೂ ಓದು ಬರಹ ಕಲಿಯುವ ವಯಸ್ಸು, ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಆ ಮನೆಯಲ್ಲಿ ಮಾತು ಅಕ್ಕಿ, ಬೇಳೆ, ನೀರು ಬಂತಾ, ಕರೆಂಟು ಹೋಯ್ತಾ ಎನ್ನುವಷ್ಟಕ್ಕೇ ನಿಂತಿತು. ಜಗಳವಿಲ್ಲ, ಮುನಿಸಿಲ್ಲ. ಮಾತು ಎತ್ತಿದರೆ ಎಲ್ಲಿ ಆ ಮಗುವಿನ ಹತ್ತಿರ ಹೋಗಿ ನಿಲ್ಲುತ್ತದೋ ಎಂದು ಇಬ್ಬರಿಗೂ ಹೆದರಿಕೆ.

ಇತ್ತ ಭಾವ ಓದುಗರ ಬೇಟೆಗೆ ಇಳಿದರು. ಕೀ ಕೊರೆಸಲು ಬಂದವರು ಈಮೇಲ್ ಹೇಳದೆ ಹೋಗುವಂತಿಲ್ಲ ಎಂದಾಯಿತು. ಮನೆ ಬಾಗಿಲು ಲಾಕ್ ಆಗಿ ಒಲೆಯ ಮೇಲೆ ಹಾಲಿಟ್ಟು ಓಡಿ ಬಂದ ಹೆಂಗಸರನ್ನೂ ನಿಲ್ಲಿಸಿಕೊಂಡು ಮೊದಲು ವಿಳಾಸ ಎನ್ನುತ್ತಿದ್ದರು. ಹಾಲು ಉಕ್ಕುವ ಭಯಕ್ಕೆ ಅವರು ತಮ್ಮದರ ಜೊತೆಗೆ ಗಂಡನದ್ದು, ನಾದಿನಿಯದ್ದು, ಯಾರು ನೆನಪಾದರೆ ಅವರದ್ದು ಹೇಳಿಬಿಡುತ್ತಿದ್ದರು. ಪಟ್ಟಿ ಬೆಳೆಯಿತು.

ಪಟ್ಟಿ ಬೆಳೆದರೂ ಪತ್ರ ತೆರೆಯುವವರಿಲ್ಲ. ಅದಕ್ಕೆ ಮೇಷ್ಟ್ರ ಬಳಿ ಮದ್ದಿತ್ತು: ಎಲ್ಲ ಇರುವುದು ವಿಷಯದ ಸಾಲಿನಲ್ಲಿ, ಅದನ್ನು ನೋಡಿದವನಿಗೆ ತೆರೆಯದೆ ಇರಲು ಆಗಬಾರದು. ಭಾವ ಒಂದು ವಾರ ತಲೆ ಕೆಡಿಸಿಕೊಂಡು ಸಾಲು ಹೊಸೆದರು. ಶುಕ್ರವಾರ ಬೆಳಿಗ್ಗೆ ಬೀದಿಯ ಜನ ಹಲ್ಲುಜ್ಜುತ್ತ ಮೊಬೈಲ್ ನೋಡಿದರೆ ಬೀಗದವರಿಂದ ಒಂದು ಈಮೇಲ್: 'ನಿಮ್ಮ ಮನೆಯ ಬೀಗವನ್ನು ನಾನು ಎಷ್ಟು ಬೇಗ ತೆಗೆಯಬಲ್ಲೆ, ಗೊತ್ತೇ?'

ಎಲ್ಲರೂ ತೆರೆದರು. ಮೇಷ್ಟ್ರ ಮಾತು ಸುಳ್ಳಾಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಭಾವನ ಅಂಗಡಿ ಮುಂದೆ ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದರು.

ನಾನು ಓಡಿ ಹೋಗುವಷ್ಟರಲ್ಲಿ ಭಾವ ಅವರಿಗೆ ಹೆಮ್ಮೆಯಿಂದ ಪಟ್ಟಿ ತೋರಿಸುತ್ತಿದ್ದರು. ಯಾರ ಮನೆ ಎಲ್ಲಿ, ಯಾವ ಬಾಗಿಲಿಗೆ ಯಾವ ಬೀಗ, ಯಾವ ಕೀ ಎಷ್ಟು ಮಾಡಿಸಿದ್ದಾರೆ, ಎಲ್ಲ ಒಪ್ಪವಾಗಿ ಇತ್ತು. ಗಿರಾಕಿಯನ್ನು ಗುಂಪು ಗುಂಪಾಗಿ ವಿಂಗಡಿಸಿ ಎಂದು ಪಾಠದಲ್ಲಿ ಹೇಳಿದ್ದರು ಎಂದು ಭಾವ, ಈ ಗುಂಪಿನವರ ಬೀಗ ಗಟ್ಟಿ, ಈ ಗುಂಪಿನವರದು ಬರೀ ತೋರಿಕೆ ಎಂದು ಬೆರಳಿಟ್ಟು ವಿವರಿಸುತ್ತಿದ್ದರು. ಇನ್‌ಸ್ಪೆಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಇಷ್ಟು ವರ್ಷದ ಸರ್ವೀಸಿನಲ್ಲಿ ಕಳ್ಳತನದ ಮುಂಚೆಯೇ ಇಷ್ಟು ಅಚ್ಚುಕಟ್ಟಾದ ದಾಖಲೆ ಕಂಡಿರಲಿಲ್ಲ ಎಂದು ಆಮೇಲೆ ನನ್ನ ಬಳಿ ಹೇಳಿಕೊಂಡರು. ಭಾವನ ಮುಖ ನೋಡಿದರೆ ಕೇಸು ಹಾಕುವ ಮನಸ್ಸೂ ಬರಲಿಲ್ಲವಂತೆ. ಕೊನೆಗೆ, ಬೀಗದ ವಿವರವನ್ನೆಲ್ಲ ಅಳಿಸಬೇಕು, ಇನ್ನು ಮೇಲೆ ಬರೆಯುವ ಪ್ರತಿಯೊಂದೂ ಸ್ಟೇಷನ್ನಿಗೆ ಬರಬೇಕು ಎಂದು ಎಚ್ಚರಿಕೆ ಕೊಟ್ಟು ಹೋದರು. ಭಾವ ಅದನ್ನು ಚಂದಾದಾರಿಕೆ ಎಂದು ತಿಳಿದರು. ಮುಂದಿನ ಶುಕ್ರವಾರದ ಪತ್ರ, ನಮ್ಮ ಕುಟುಂಬವನ್ನು ಸೇರಿದ ಪೊಲೀಸ್ ಇಲಾಖೆಗೆ ಹಾರ್ದಿಕ ಸ್ವಾಗತ ಎಂದು ಶುರುವಾಯಿತು.

ಇಷ್ಟೆಲ್ಲ ಗದ್ದಲದ ನಡುವೆ ಭಾವನಿಗೆ ನಿಜವಾದ ಆನಂದ ಕೊಡುತ್ತಿದ್ದುದು ಒಬ್ಬ ಓದುಗ ಮಾತ್ರ. ಪತ್ರ ಹೋದ ಸ್ವಲ್ಪ ಹೊತ್ತಿಗೇ ಆ ವಿಳಾಸದಿಂದ ಒಂದು ಸಾಲಿನ ಉತ್ತರ ಬರುತ್ತಿತ್ತು. ಹೆಸರಿಲ್ಲ, ಕೆಳಗೆ 'ಒಬ್ಬ ಓದುಗ' ಎಂದಷ್ಟೇ. ಈ ಕೆಲಸ ನಿಮಗೆ ಯಾರು ಕಲಿಸಿದರು ಎಂದು ಒಂದು ವಾರ. ಬೇರೆಯವರ ಮನೆ ಬಾಗಿಲು ತೆಗೆಯುವಾಗ ಮನಸ್ಸಿಗೆ ಏನನ್ನಿಸುತ್ತದೆ ಎಂದು ಇನ್ನೊಂದು ವಾರ. ಭಾವ ಅದಕ್ಕೆ ಪುಟಗಟ್ಟಲೆ ಉತ್ತರ ಬರೆಯುತ್ತಿದ್ದರು. ಬರೆದದ್ದನ್ನು ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಓದಿ ಹೇಳುತ್ತಿದ್ದರು. ಇಂಥ ಸೂಕ್ಷ್ಮ ಮನಸ್ಸಿನ ಓದುಗ ಸಿಗಲು ಪುಣ್ಯ ಮಾಡಿರಬೇಕು, ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ ಬಿಡು ಎನ್ನುತ್ತಿದ್ದರು. ಅಕ್ಕ ಹುಳಿ ಬಡಿಸುತ್ತ, ಯಾರೋ ಪುಣ್ಯಾತ್ಮರು ಎನ್ನುತ್ತಿದ್ದಳಂತೆ.

ಆ ದಿನಗಳಲ್ಲಿ ಅಕ್ಕನ ಮುಖದಲ್ಲಿ ಏನೋ ಕಳೆ ಬಂದಿತ್ತು. ಶುಕ್ರವಾರ ಬೇಗ ಸ್ನಾನ ಮುಗಿಸುತ್ತಿದ್ದಳು. ಒಂದು ಸಲ ನನ್ನ ಬಳಿ ಬಂದು ಮೆಲ್ಲಗೆ, "ಇವರಿಗೆ ಚಿಕ್ಕವರಿದ್ದಾಗ ಕತ್ತಲೆ ಅಂದ್ರೆ ಭಯ ಇತ್ತಂತೆ. ಅವರಪ್ಪ ಅಂಗಡಿ ಒಳಗೆ ಕೂರಿಸಿ ಶಟರ್ ಎಳೆದು, ಬೀಗ ಬಿಚ್ಚಿ ನೀನೇ ಹೊರಗೆ ಬಾ ಅಂತಿದ್ರಂತೆ. ಇಷ್ಟು ವರ್ಷ ಸಂಸಾರ ಮಾಡಿದೀನಿ, ನನಗೆ ಹೇಳೇ ಇಲ್ಲ ನೋಡು" ಎಂದಳು. ಹೇಳುವಾಗ ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು.

ಈ ಓದುಗ ಯಾರು ಎಂದು ಭಾವ ಪತ್ತೆದಾರಿಕೆ ಶುರು ಮಾಡಿದರು. ಒಂದು ವಾರ ಉತ್ತರದಲ್ಲಿ, 'ಪತ್ರ ಉದ್ದವಾಯಿತು, ಸುತ್ತಿ ಬಳಸದೆ ವಿಷಯಕ್ಕೆ ಬನ್ನಿ' ಎಂದಿತ್ತು. ಈ ಮಾತನ್ನು ಅಕ್ಕ ಮನೆಯಲ್ಲಿ ದಿನ ಬೆಳಗಾದರೆ ಹೇಳುತ್ತಾಳೆ. ಆದರೆ ಭಾವನಿಗೆ ಹೊಳೆದದ್ದು, ಇಷ್ಟು ಖಡಾಖಂಡಿತವಾಗಿ ಮಾತಾಡಲು ಕೋರ್ಟಿನವರಿಗೆ ಮಾತ್ರ ಸಾಧ್ಯ ಎಂದು. ಬೀದಿಯ ಕೊನೆಯಲ್ಲಿ ನಿವೃತ್ತ ಜಡ್ಜೊಬ್ಬರಿದ್ದರು. ಹಿಂದೆ ಕೀ ಕಳೆದುಕೊಂಡು ಪಟ್ಟಿಗೆ ಸೇರಿದವರು. ಹೆಸರು ಮರೆಸಲು ಇನ್ನೊಂದು ವಿಳಾಸ ಮಾಡಿಕೊಂಡಿರಬೇಕು ಎಂದು ಭಾವನ ತರ್ಕ. ಭಾವ ಒಂದು ಹಿತ್ತಾಳೆ ಬೀಗವನ್ನು ಥಳಥಳ ಉಜ್ಜಿ, ಕಾಗದದಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದರು.

ತಮ್ಮ ಪ್ರಶ್ನೆಗಳು ನನ್ನನ್ನು ಮನುಷ್ಯನನ್ನಾಗಿ ಮಾಡಿದವು ಸ್ವಾಮಿ ಎಂದು ಕೈ ಮುಗಿದರಂತೆ. ಜಡ್ಜು ಸಾಹೇಬರು ಬೀಗವಾರ್ತೆಯ ಒಂದು ಅಕ್ಷರವನ್ನೂ ಓದಿದವರಲ್ಲ. ಆದರೆ ನಿವೃತ್ತರಾದ ಮೇಲೆ ಅವರ ಮುಂದೆ ಯಾರೂ ಕೈ ಮುಗಿದು ನಿಂತಿರಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲವೋ ಏನೋ, ಗಂಭೀರವಾಗಿ ತಲೆಯಾಡಿಸಿ ಬೀಗ ಒಳಗಿಟ್ಟುಕೊಂಡರು. ಅಂದಿನಿಂದ ದಾರಿಯಲ್ಲಿ ಸಿಕ್ಕಾಗಲೆಲ್ಲ, ಮುಂದುವರಿಸಿ, ಪರಿಶೀಲಿಸುತ್ತಿದ್ದೇನೆ ಎನ್ನುತ್ತಿದ್ದರು. ನಾನು ಅಕ್ಕನಿಗೆ ಹೇಳಿದೆ. ಅವರಿಗೂ ಇರಲಿ ಬಿಡು, ಯಾರಿಗೇನು ನಷ್ಟ ಎಂದಳು.

ಪಟ್ಟಿ ಎಲ್ಲೋ ಒಂದು ಕಡೆ ಬಂದು ನಿಂತಿತು. ಬೀದಿಯಲ್ಲಿ ಬೀಗ ಇದ್ದವರೆಲ್ಲ ಆಗಿತ್ತು. ಭಾವ ಪರದೆ ನೋಡುವುದು, ನಿಟ್ಟುಸಿರು ಬಿಡುವುದು. ಪಟ್ಟಿ ನಿಂತಾಗ ಏನು ಮಾಡಬೇಕು ಎಂಬ ಪಾಠವೂ ಬಂತು. ಓದುಗರು ಜ್ಞಾನಕ್ಕೆ ಬರುವುದಿಲ್ಲ, ನೋವಿಗೆ ಬರುತ್ತಾರೆ. ನಿಮಗೆ ಹೇಳಲಾಗದ್ದನ್ನು ಬರೆಯಿರಿ. ಜೊತೆಗೆ ಇನ್ನೊಂದು ಸೂತ್ರ: ಒಬ್ಬ ಓದುಗ ಪ್ರಶ್ನೆ ಕೇಳಿದರೆ ಅವನೊಬ್ಬನಿಗೇ ಉತ್ತರಿಸಿ ದಂಡ ಮಾಡಬೇಡಿ, ಎಲ್ಲರಿಗೂ ಉತ್ತರಿಸಿ, ಅದೇ ನಿಮ್ಮ ಮುಂದಿನ ಸಂಚಿಕೆ.

ಅದೇ ವಾರ ಅಕ್ಕ ಆ ಪ್ರಶ್ನೆ ಕೇಳಿದಳು. ಕಳಿಸುವ ಮುಂಚೆ ನನಗೆ ತೋರಿಸಿದಳು. ಕಳಿಸಲೋ ಬೇಡವೋ ಎಂದು ನನ್ನ ಅಂಗಡಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. 'ನಿಮಗೆ ಮಕ್ಕಳಿದ್ದಾರೆಯೇ?' ಎಂದಷ್ಟೇ ಇತ್ತು. ಆ ಮನುಷ್ಯ ಮಗಳ ಬಗ್ಗೆ ಒಂದು ಮಾತಾಡಲಿ, ಯಾರೋ ಅಪರಿಚಿತನಿಗೆ ಅಂದುಕೊಂಡಾದರೂ ಆಡಲಿ, ತನ್ನ ಕಿವಿಗೆ ಬಿದ್ದರೆ ಸಾಕು ಎನ್ನುವುದು ಅವಳ ಆಸೆ. ಆ ಒಂದು ಉತ್ತರಕ್ಕಾಗಿಯೇ ಅವಳು ಅಲ್ಲಿಯವರೆಗೆ ತುಕ್ಕು, ಸ್ಪ್ರಿಂಗು, ಲೀವರ್ ಎಲ್ಲವನ್ನೂ ಓದಿದ್ದಳು ಎಂದು ನನಗೆ ಆಗ ಗೊತ್ತಾಯಿತು.

ಉತ್ತರ ಬಂತು. ಅಕ್ಕನಿಗೆ ಬಂತು, ಇನ್‌ಸ್ಪೆಕ್ಟರಿಗೆ ಬಂತು, ಹಾಲುಕ್ಕಿಸಿಕೊಂಡ ಹೆಂಗಸರಿಗೆ ಬಂತು, ಅವರ ನಾದಿನಿಯರಿಗೆ ಬಂತು. ನನಗೂ ಬಂತು.

ಆ ಪತ್ರದಲ್ಲಿ ಇದ್ದದ್ದನ್ನು ಅಕ್ಕನ ಅಪ್ಪಣೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಭಾವ ಕೇಳಿರಲಿಲ್ಲ. ಜ್ವರದ ಎರಡನೆಯ ದಿನ ಮಧ್ಯಾಹ್ನ ಮಗು, ಅಮ್ಮ ನನ್ನ ಪಕ್ಕದಲ್ಲಿ ಮಲಗು ಬಾ ಎಂದು ಕರೆದಿತ್ತು. ಅಕ್ಕ, ಇರು ಪುಟ್ಟ, ಈ ಬಕೆಟ್ ಬಟ್ಟೆ ಒಗೆದು ಬಂದುಬಿಡ್ತೀನಿ ಎಂದಿದ್ದಳು. ಒಗೆದು, ಒಣಹಾಕಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮಗುವಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆಮೇಲೆ ಆಸ್ಪತ್ರೆ. ಮತ್ತೆ ಅದು ಅಮ್ಮ ಎನ್ನಲಿಲ್ಲ. ಈ ಮಾತನ್ನು ಅಕ್ಕ ನನಗೂ ಹೇಳಿರಲಿಲ್ಲ, ನಮ್ಮ ಅಮ್ಮನಿಗೂ ಹೇಳಿರಲಿಲ್ಲ. ಗಂಡನಿಗೊಬ್ಬನಿಗೇ, ಒಂದೇ ಸಲ ಹೇಳಿದ್ದಳು. ಅವರು ಕೇಳಿಸಿಕೊಂಡು, ಏನೂ ಅನ್ನದೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿದ್ದರು. ಈಗ ಅದನ್ನು ಬರೆದು, ಕೊನೆಗೆ, ಪ್ರಿಯ ಓದುಗರೇ, ಪ್ರೀತಿಸುವವರು ಕರೆದಾಗ ಕೆಲಸ ಮುಂದೂಡಿ, ಪ್ರೀತಿಯನ್ನಲ್ಲ ಎಂದು ನೀತಿ ಹೇಳಿ ಮುಗಿಸಿದ್ದರು.

ಪಟ್ಟಿ ಆ ದಿನ ಉಕ್ಕಿ ಹರಿಯಿತು. ಒಬ್ಬರು ಇನ್ನೊಬ್ಬರಿಗೆ ಕಳಿಸಿದರು, ಅವರು ಮತ್ತೊಬ್ಬರಿಗೆ. ಕಂಡು ಕೇಳರಿಯದ ಊರುಗಳಿಂದ ಹೆಸರು ಬಂದು ಸೇರಿದವು. ಇನ್‌ಸ್ಪೆಕ್ಟರು ಜೀಪು ನಿಲ್ಲಿಸಿ ಇಳಿದು ಭಾವನ ಭುಜ ತಟ್ಟಿದರು. ವರ್ತಕರ ಸಂಘದವರು ಭಾಷಣಕ್ಕೆ ಕರೆದರು. ಭಾವ ಹೊಸ ಅಂಗಿ ಹೊಲಿಸಲು ಅಳತೆ ಕೊಟ್ಟರು.

ಅಕ್ಕನ ಕಡೆ ಬಂದ ಜನ ಬೇರೆ. ತರಕಾರಿಯವಳು ತೂಕ ಹಾಕುವುದನ್ನು ನಿಲ್ಲಿಸಿ ಅವಳ ಕೈ ಹಿಡಿದುಕೊಂಡು, ಬೇಜಾರು ಮಾಡ್ಕೋಬೇಡಿ, ಬಟ್ಟೆ ಒಗೆಯೋದು ಎಲ್ಲರ ಮನೇಲೂ ಇರುತ್ತೆ ಎಂದಳು. ಎದುರು ಮನೆಯಾಕೆ ಸಂಜೆ ಬಂದು, ಅಕ್ಕನ ಸ್ಥಿತಿಯಲ್ಲಿ ತಾನಿದ್ದಿದ್ದರೆ ಆಗಲೇ ವಾಷಿಂಗ್ ಮೆಷಿನ್ ತಗೋತಿದ್ದೆ ಎಂದು ಸಮಾಧಾನ ಹೇಳಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕಷ್ಟ. ಯಾರೋ ಗುರುತಿಲ್ಲದವರು ಪತ್ರ ಬರೆದು, ನಿಮ್ಮ ಹೆಂಡತಿಯನ್ನು ನಾವೆಲ್ಲ ಕ್ಷಮಿಸಿದ್ದೇವೆ ಎಂದು ತಿಳಿಸಿದ್ದರು. ಭಾವ ಅದನ್ನು ಸಡಗರದಿಂದ ಊಟದ ಹೊತ್ತಿಗೆ ಓದಿ ಹೇಳಿದರು. ಮರುದಿನ ಅದಕ್ಕಿಂತ ದೊಡ್ಡ ಸುದ್ದಿ ತಂದರು. ವಾಷಿಂಗ್ ಮೆಷಿನ್ ಮಾರುವ ಕಂಪನಿಯೊಂದು, ಆ ಪತ್ರದ ಕೆಳಗೆ ತನ್ನ ಜಾಹೀರಾತು ಹಾಕಬಹುದೇ ಎಂದು ಕೇಳಿತ್ತು. ಕ್ರಿಯೇಟರ್ ಆದವನಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲವೆಂದು ಭಾವ ಹೇಳುತ್ತಿದ್ದಾಗ ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ, ತಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದಳು. ಭಾವ ಮೊಬೈಲಿನಿಂದ ತಲೆ ಎತ್ತದೆ ಹೂಂ ಎಂದರು. ನನ್ನ ಅಂಗಡಿಯ ಹಿಂದಿನ ಕೋಣೆಯೇ ನನ್ನ ಮನೆ. ಅಕ್ಕ ಚೀಲ ಕೆಳಗಿಟ್ಟು, ಮೊಬೈಲ್ ನನ್ನ ಕೈಗೆ ಕೊಟ್ಟು, ಈ ಪತ್ರ ಇನ್ನು ಬರದ ಹಾಗೆ ಮಾಡು ಎಂದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಸಾಲು ತೋರಿಸಿದೆ. ಅವಳೇ ಒತ್ತಿದಳು.

ಭಾವನ ಪರದೆಯಲ್ಲಿ ಒಂದು ಸಾಲು ಮೂಡಿತು, ಇಂಥ ವಿಳಾಸದವರು ಪಟ್ಟಿಯಿಂದ ಹೊರಹೋಗಿದ್ದಾರೆ ಎಂದು.

ಸಾವಿರಾರು ಜನ ಒಳಗೆ ಬರುತ್ತಿರುವಾಗ ಒಬ್ಬರು ಹೋದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಭಾವ ಇಟ್ಟರು. ಅವರನ್ನು ಎಷ್ಟು ಆಡಿಕೊಂಡರೂ ಈ ಒಂದು ಮಾತು ಹೇಳಲೇಬೇಕು: ಅಂಗಡಿಯ ಶಟರ್ ಎಳೆದು, ಕೀಗೆ ಕಾದು ನಿಂತಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು, ಜಡ್ಜು ಸಾಹೇಬರ ಮನೆಗೆ ಓಡಿದರು. ನನ್ನಿಂದ ಏನು ತಪ್ಪಾಯಿತು, ಯಾಕೆ ಬಿಟ್ಟು ಹೋದಿರಿ ಎಂದು ಕೇಳಿದರಂತೆ.

ಜಡ್ಜು ಸಾಹೇಬರು ಪೇಚಿಗೆ ಸಿಕ್ಕಿಬಿದ್ದರು. ತಾವು ಯಾವತ್ತೂ ಒಳಗೇ ಇರಲಿಲ್ಲ ಎಂದು ಹೇಳಬೇಕು, ಇಲ್ಲವೇ ಹೊರಗೆ ಹೋದದ್ದಕ್ಕೆ ಕಾರಣ ಕೊಡಬೇಕು. ವೃತ್ತಿ ಅಭ್ಯಾಸ ಕೈ ಹಿಡಿಯಿತು. ವಿವರ ಸಾಲದು ಎಂದುಬಿಟ್ಟರು. ಘಟನೆಯನ್ನು ಪೂರ್ತಿಯಾಗಿ ಮಂಡಿಸಿಲ್ಲ, ಮಗು ಏನು ಹೇಳಿತು, ತಾಯಿ ಏನು ಹೇಳಿದಳು, ಆಸ್ಪತ್ರೆಯಲ್ಲಿ ಏನಾಯಿತು, ಎಲ್ಲ ಬರಬೇಕು, ಆಗ ಮರುಪರಿಶೀಲನೆ ಮಾಡೋಣ ಎಂದರು. ಭಾವನಿಗೆ ಹೋದ ಜೀವ ಬಂದಂತಾಯಿತು.

ಶುಕ್ರವಾರ ಬೆಳಿಗ್ಗೆ ಹೊಸ ಪತ್ರವನ್ನು ಮೊಬೈಲಿನಲ್ಲಿ ಬರೆದುಕೊಂಡು ನನ್ನ ಅಂಗಡಿಗೆ ಬಂದರು. ಹಿಂದಿನದಕ್ಕಿಂತ ಎರಡರಷ್ಟು ಉದ್ದ. ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು. ತಪ್ಪು ತಿದ್ದಿ ಈಗಲೇ ಕಳಿಸು, ಅವರೊಬ್ಬರು ವಾಪಸು ಬಂದರೆ ಸಾಕು, ಉಳಿದವರೆಲ್ಲ ಬಿಟ್ಟು ಹೋದರೂ ಚಿಂತೆಯಿಲ್ಲ ಎಂದರು. ಅವರ ಹತ್ತಿರ ಮಾತ್ರ ನನಗೆ ಮಾತು ಬರುತ್ತಿತ್ತು ಎಂದರು. ನನಗೆ ಆ ಕ್ಷಣ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಕಳಿಸುವುದಿಲ್ಲ ಎಂದೆ. ಕೊಡು ನಾನೇ ಕಳಿಸುತ್ತೇನೆ ಎಂದು ಕೀಬೋರ್ಡಿಗೆ ಕೈ ಹಾಕಿದರು. ನಾನು ಕೈ ಹಿಡಿದುಕೊಂಡೆ. ಜೆರಾಕ್ಸಿಗೆ ಬಂದಿದ್ದ ಇಬ್ಬರು, ಭಾವ ಬಾಮೈದ ಕೈಕೈ ಮಿಲಾಯಿಸುವುದನ್ನು ಆಸಕ್ತಿಯಿಂದ ನೋಡುತ್ತಾ ನಿಂತರು.

ಅಕ್ಕ ಹಿಂದಿನ ಕೋಣೆಯಿಂದ ಬಂದಳು.

"ಜಡ್ಜು ಅಲ್ಲ ರೀ," ಎಂದಳು. "ನಾನು."

ಭಾವನಿಗೆ ಅರ್ಥವಾಗಲಿಲ್ಲ. ಏನು ನೀನು ಎಂದರು. ಅಕ್ಕ ತನ್ನ ಮೊಬೈಲ್ ತೆರೆದು ಅವರ ಮುಂದೆ ಮೇಜಿನ ಮೇಲಿಟ್ಟಳು. ಅಷ್ಟೂ ಪತ್ರ ಅಲ್ಲಿತ್ತು. ಭಾವ ಒಂದೊಂದನ್ನೇ ಬೆರಳಿನಿಂದ ಸರಿಸಿ ನೋಡಿದರು. ಕತ್ತಲೆಯ ಬಗ್ಗೆ ಬರೆದದ್ದು ಬಂದಾಗ ಬೆರಳು ನಿಂತಿತು. ಆಮೇಲೆ ಕುರ್ಚಿಯಲ್ಲಿ ಕೂತರು.

"ನಿಮಗೆ ಮಕ್ಕಳಿದ್ದಾರಾ ಅಂತ ನಾನು ಒಬ್ಬಳು ಕೇಳಿದ್ದು," ಎಂದಳು ಅಕ್ಕ. ಧ್ವನಿ ಏರಿಸಲಿಲ್ಲ. "ನನಗೊಬ್ಬಳಿಗೆ ಹೇಳಿದ್ರೆ ಆಗ್ತಿತ್ತು. ನನ್ನ ಮಾತನ್ನ ಊರಿಗೆಲ್ಲ ಹಂಚಿದ್ರಿ. ಬರೆಯೋದೇ ಆದ್ರೆ ನಿಮ್ಮದು ಬರೀಬಹುದಿತ್ತು."

ಭಾವ ಮೊಬೈಲನ್ನು ಅಕ್ಕನ ಕಡೆ ಸರಿಸಿದರು. ತಮ್ಮದು ಏನೂ ಇಲ್ಲ ಎನ್ನುತ್ತಾರೆ ಎಂದುಕೊಂಡೆ.

ಮಗು ಅಮ್ಮನನ್ನು ಕರೆದ ಆ ಮಧ್ಯಾಹ್ನವೇ, ಜ್ವರ ಏರುತ್ತಿದೆ, ಬನ್ನಿ ಎಂದು ಅಕ್ಕ ಭಾವನಿಗೆ ಫೋನು ಮಾಡಿದ್ದಳು. ಅವರು ಯಾರದೋ ದೊಡ್ಡ ಮನೆಯಲ್ಲಿ ಹಳೆಯ ಕಬ್ಬಿಣದ ಬೀರು ತೆಗೆಯುವ ಕೆಲಸದಲ್ಲಿದ್ದರು. ಈಗ ಬಂದೆ ಎಂದವರು ಬಂದದ್ದು ಸಂಜೆಗೆ. ಬೀಗ ಬಹಳ ತೊಂದರೆ ಕೊಟ್ಟಿತು ಎಂದು ಅವತ್ತು ಹೇಳಿದ್ದರು. ಅಷ್ಟು ನನಗೂ ಗೊತ್ತಿತ್ತು.

"ಆ ಬೀಗ ಕೈ ಇಟ್ಟ ತಕ್ಷಣ ತೆಗೀತು ಕಣೇ," ಎಂದರು ಭಾವ. "ಅವರೆಲ್ಲ ಭೇಷ್ ಅಂದ್ರು. ಟೀ ಕೊಟ್ರು. ಸುತ್ತ ಕೂತು, ಬೀಗದ ಕತೆ ಹೇಳಿ ಅಂದ್ರು. ನಾನು ಹೇಳ್ತಾ ಕೂತೆ. ನಿನ್ನ ಫೋನು ಬಂದ ಮೇಲೂ ಕೂತೆ."

ಜೆರಾಕ್ಸಿಗೆ ಬಂದವರು ಕೈಯಲ್ಲಿದ್ದ ಕಾಗದವನ್ನು ಮರೆತಿದ್ದರು. ನಾನೂ ಅಕ್ಕನ ಮುಖ ನೋಡುವ ಧೈರ್ಯ ಮಾಡಲಿಲ್ಲ.

"ಬಟ್ಟೆ ಒಗೀತಿದ್ದೆ ಅಂತ ನಾನು ಅವತ್ತು ಹೇಳಿದಾಗ ನೀವೂ ಇದನ್ನ ಹೇಳಿದ್ದಿದ್ರೆ," ಎಂದಳು ಅಕ್ಕ, "ಇಷ್ಟು ವರ್ಷ ನಾನೊಬ್ಬಳೇ ಕೊಂದೆ ಅಂತ ಇರ್ತಿರಲಿಲ್ಲ."

ಭಾವ ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟರು. ಮಗಳು ಹೋದಾಗಲೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಸದ್ದು ಬೀದಿಗೆ ಕೇಳಿಸುವ ಹಾಗಿತ್ತು. ಎದುರು ಮನೆಯಾಕೆ ಏನೋ ಪ್ರಿಂಟ್ ಹಾಕಿಸಲು ಇತ್ತ ಕಡೆಯೇ ಬರುತ್ತಿದ್ದಳು, ಹಿಂದೆ ಇನ್ನೂ ಯಾರೋ ಇದ್ದರು.

ಅಕ್ಕ ಮೊದಲು ಜೆರಾಕ್ಸಿನವರಿಬ್ಬರನ್ನು ಹೊರಗೆ ಕಳಿಸಿದಳು. ಆಮೇಲೆ ನನ್ನ ತೋಳು ಹಿಡಿದು, ನೀನೂ ಸ್ವಲ್ಪ ಹೊರಗಿರು ಎಂದಳು. ನಾನು ಹೊಸ್ತಿಲು ದಾಟಿದ ಮೇಲೆ ಶಟರನ್ನು ತಾನೇ ಎಳೆದುಕೊಂಡಳು, ಅವರು ಅಳುವುದನ್ನು ಯಾರೂ ನೋಡದ ಹಾಗೆ. ನಾನು ಬೀದಿಯಲ್ಲಿ ನಿಂತು, ಬಂದವರಿಗೆಲ್ಲ ಇವತ್ತು ಅಂಗಡಿ ಇಲ್ಲ ಎಂದು ಹೇಳಿ ಕಳಿಸಿದೆ. ಒಳಗೆ ಅವರಿಬ್ಬರು ಮಧ್ಯಾಹ್ನದವರೆಗೂ ಇದ್ದರು. ಏನು ಮಾತಾಡಿದರು ಎಂದು ನಾನು ಕೇಳಿಲ್ಲ.